ಯೀಸ್ಟ್ ಬೇಕಾದರೆ ಮಂಡಿಪೇಟೆ ಕಡೆಯ ಈ ಅಂಗಡಿಗೇ ಹೋಗಿ

ತುಮಕೂರಿನಲ್ಲಿ ಮನೆಯಲ್ಲೇ ಬ್ರೆಡ್ಡು, ಬನ್ನು ಮಾಡುವವರಿದ್ದರೆ ಯೀಸ್ಟನ್ನು ಮಂಡಿಪೇಟೆ ಕಡೆಯ ಈ ಬೇಕರಿ ಸಾಮಾನಿನ ಅಂಗಡಿಯಲ್ಲೇ ಕೊಳ್ಳಿ. ಮೈದಾ, ಕೋಕೋ ಪುಡಿ, ಕೇಕ್ ಡಬ್ಬ ಎಲ್ಲಿ ಬೇಕಾದರೂ ತಗೊಳ್ಳಿ. ಅದರಲ್ಲಿ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ಯೀಸ್ಟ್ ಮಾತ್ರ ಇಲ್ಲಿ. ಇವರು ಅದನ್ನು ಫ್ರಿಜ್‌ನಲ್ಲಿ ಇಡುತ್ತಾರೆ. ಜೀವ ಇರುವ ವಸ್ತು ಅಂತ ತಿಳಿದುಕೊಂಡು ಮಾರುತ್ತಾರೆ. ನಾನು ಓಡಾಡಿದ ಅಂಗಡಿಗಳಲ್ಲಿ ಹಾಗೆ ಮಾಡುವುದನ್ನು ಬೇರೆಲ್ಲೂ ನೋಡಿಲ್ಲ.

ನಾನು ಸೋಮೇಶ್ವರಪುರಂನಲ್ಲಿ ಮನೆಯಿಂದಲೇ ಆರ್ಡರ್ ತಗೊಂಡು ಬನ್ನು, ಬ್ರೆಡ್ಡು ಮಾಡಿಕೊಡುತ್ತೇನೆ. ನಾಲ್ಕು ವರ್ಷ ಆಯಿತು. ಅದಕ್ಕೂ ಮೊದಲು ಎಂ.ಎಸ್ಸಿ. ಮುಗಿಸಿ ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಎರಡು ವರ್ಷ ಕೆಲಸ ಮಾಡಿದೆ. ಅಲ್ಲಿ ನನ್ನ ಕೆಲಸವೆಲ್ಲ ಯೀಸ್ಟ್ ಮೇಲೆಯೇ. ಯೀಸ್ಟ್ ಅಂದರೆ ಒಂದೇ ಕೋಶದ ಜೀವಿ. ಆ ಕೋಶ ತನ್ನನ್ನು ಸುತ್ತಿರುವ ತೆಳು ಪೊರೆಯನ್ನು ಹೇಗೆ ಮಡಚುತ್ತದೆ, ಎಲ್ಲಿ ಕತ್ತರಿಸುತ್ತದೆ, ಆ ಕೆಲಸಕ್ಕೆ ಯಾವ ಪ್ರೋಟೀನ್ ಬಂದು ಯಾವುದರ ಕೈ ಹಿಡಿಯುತ್ತದೆ ಅನ್ನುವುದನ್ನು ನೋಡುತ್ತಾ ಗಂಟೆಗಟ್ಟಲೆ ಕತ್ತಲೆ ಕೋಣೆಯಲ್ಲಿ ಮೈಕ್ರೋಸ್ಕೋಪ್ ಮುಂದೆ ಕೂರುತ್ತಿದ್ದೆ. ಹಾಗಾಗಿ ಈ ರಿವ್ಯೂ ಉದ್ದ ಆಗುತ್ತದೆ. ಪೂರ್ತಿ ಓದಿ, ನಿಮ್ಮ ಬನ್ನಿಗೂ ಉಪಯೋಗ ಆಗುತ್ತದೆ.

ಮೊದಲು ಏನಾಯಿತು ಅಂತ ಹೇಳುತ್ತೇನೆ. ಹೋದ ಏಪ್ರಿಲ್‌ನಲ್ಲಿ ಒಂದು ಮಗುವಿನ ಹುಟ್ಟುಹಬ್ಬಕ್ಕೆ 60 ಸ್ವೀಟ್ ಬನ್ನಿನ ಆರ್ಡರ್ ಇತ್ತು. ಮನೆಯಲ್ಲಿ ಯೀಸ್ಟ್ ಮುಗಿದಿತ್ತು. ಹತ್ತಿರದ ಒಂದು ಅಂಗಡಿಗೆ ಓಡಿದೆ. ಹೆಸರು ಬೇಡ. ಅಲ್ಲಿ ಯೀಸ್ಟ್ ಪ್ಯಾಕೆಟ್ಟುಗಳು ಗಾಜಿನ ಶೋಕೇಸಿನಲ್ಲಿ, ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುವ ಜಾಗದಲ್ಲಿ, ಮೇಣದಬತ್ತಿಗಳ ಪಕ್ಕ ಇದ್ದವು. ಡೇಟ್ ನೋಡಿದೆ, ಇನ್ನೂ ಎಂಟು ತಿಂಗಳಿತ್ತು. ತಂದು ಕಲಸಿದೆ. ಹಿಟ್ಟು ಎರಡು ಗಂಟೆಯಾದರೂ ಸರಿಯಾಗಿ ಉಬ್ಬಲಿಲ್ಲ. ಅದಕ್ಕಿಂತ ಬೇಜಾರಾದದ್ದು ಏನೆಂದರೆ, ಹಿಟ್ಟು ನೀರು ನೀರಾಯಿತು. ಚೆನ್ನಾಗಿ ನಾದಿದ ಹಿಟ್ಟು ಕೈಗೆ ಅಂಟತೊಡಗಿತು, ಉಂಡೆ ಕಟ್ಟಿದರೆ ತಟ್ಟೆಯ ಮೇಲೆ ಹರಡಿಕೊಂಡಿತು. ಮಗುವಿನ ಅಮ್ಮನಿಗೆ ಫೋನ್ ಮಾಡಿ ಆಗುವುದಿಲ್ಲ ಅಂತ ಹೇಳಬೇಕಾಯಿತು. ಆ ಫೋನ್ ಕಾಲ್ ನನಗೆ ಇನ್ನೂ ಮರೆತಿಲ್ಲ.

ಉಬ್ಬದಿದ್ದರೆ ಸರಿ, ಯೀಸ್ಟ್ ಸತ್ತಿದೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಹಿಟ್ಟು ಯಾಕೆ ಸಡಿಲ ಆಯಿತು? ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ, ಮೈದಾ ಸರಿ ಇಲ್ಲ ಅಂದುಕೊಳ್ಳುತ್ತಾರೆ. ಯೀಸ್ಟ್ ಕೋಶದ ಒಳಗೆ ಗ್ಲುಟಾಥಯೋನ್ ಅನ್ನುವ ಸಣ್ಣ ವಸ್ತು ಇರುತ್ತದೆ. ಪೊರೆ ಗಟ್ಟಿ ಇದ್ದರೆ ಅದು ಒಳಗೇ ಇರುತ್ತದೆ. ಪೊರೆ ಹಾಳಾದರೆ ಸೋರಿ ಹಿಟ್ಟಿಗೆ ಸೇರುತ್ತದೆ. ಸೇರಿದ ಮೇಲೆ ಹಿಟ್ಟಿಗೆ ಬಿಗಿ ಕೊಡುವ ಗ್ಲುಟೆನ್ ಅನ್ನುವ ಮೈದಾದ ಪ್ರೋಟೀನ್ ಎಳೆಗಳನ್ನು ಒಂದಕ್ಕೊಂದು ಕಟ್ಟಿರುವ ಗಂಧಕದ ಗಂಟುಗಳನ್ನು ಬಿಚ್ಚಿಬಿಡುತ್ತದೆ. ಅಂದರೆ ಸತ್ತ ಯೀಸ್ಟ್ ಸುಮ್ನೆ ಕೂರುವುದಿಲ್ಲ, ನಿಮ್ಮ ಹಿಟ್ಟನ್ನೂ ಕೆಡಿಸುತ್ತದೆ. ಕೆಡುಕಿನ ಮೂಲ ಆ ತೆಳು ಪೊರೆಯಲ್ಲಿದೆ.

ಆ ವಾರವೇ ಪರಿಚಯದ ಬೇಕರಿಯವರೊಬ್ಬರು ಈ ಅಂಗಡಿ ತೋರಿಸಿದರು. ಒಳಗೆ ಹೋದರೆ ಎಡಗಡೆ ದೊಡ್ಡ ಫ್ರಿಜ್. ಮೇಲಿನ ಅಂಕಣದಲ್ಲಿ ಒಣ ಯೀಸ್ಟ್, ಕೆಳಗೆ ಹಸಿ ಯೀಸ್ಟಿನ ಗಟ್ಟಿಗಳು. ಪ್ರತಿ ಡಬ್ಬದ ಮೇಲೆ ಮಾಲು ಬಂದ ತಾರೀಕನ್ನು ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದರು. ಯಜಮಾನರು ವಯಸ್ಸಾದವರು, ಗಲ್ಲಾದಲ್ಲಿ ಕೂತಿದ್ದರು.

"ಅಣ್ಣಾ, ಎಲ್ಲರೂ ಹೊರಗಡೆ ಇಡ್ತಾರೆ, ನೀವ್ಯಾಕೆ ಫ್ರಿಜ್‌ನಲ್ಲಿ ಇಟ್ಟಿದ್ದೀರಾ?" ಅಂತ ಕೇಳಿದೆ.

"ಇದು ಉಸಿರಾಡೋ ಮಾಲು ಕಣಮ್ಮ. ಬಿಸಿಲಿಗೆ ಇಟ್ರೆ ಪ್ಯಾಕೆಟ್ ಒಳಗೇ ಸತ್ತೋಗುತ್ತೆ. ಆಮೇಲೆ ನೀವು ಬಂದು ನನ್ನ ಬೈತೀರಾ" ಅಂದರು.

ಲ್ಯಾಬಿನಲ್ಲಿ ಎರಡು ವರ್ಷ ಕಲಿತದ್ದನ್ನು ಅವರು ಎರಡು ಮಾತಿನಲ್ಲಿ ಹೇಳಿದರು. ಅವತ್ತಿನಿಂದ ನಾನು ಬೇರೆ ಕಡೆ ಯೀಸ್ಟ್ ಕೊಂಡಿಲ್ಲ.

ಸುಮ್ನೆ ಹೊಗಳುತ್ತಿಲ್ಲ, ಪರೀಕ್ಷೆ ಮಾಡಿಯೇ ಹೇಳುತ್ತಿದ್ದೇನೆ. ಮನೆಯಲ್ಲಿ ಅಕ್ಕನ ಮಗನಿಗೆ ಕೊಡಿಸಿದ ಒಂದು ಸ್ಟೂಡೆಂಟ್ ಮೈಕ್ರೋಸ್ಕೋಪ್ ಇದೆ, 400 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. ಯೀಸ್ಟ್ ಕೋಶ ಸುಮಾರು 5 ಮೈಕ್ರಾನ್ ಇರುವುದರಿಂದ ಅಷ್ಟು ಸಾಕು. ಅಕ್ವೇರಿಯಂ ಅಂಗಡಿಯಲ್ಲಿ ಮೀನಿನ ಔಷಧಿ ಅಂತ ಸಿಗುವ ಮೆಥಿಲೀನ್ ಬ್ಲೂ ತಂದು ಚೆನ್ನಾಗಿ ತೆಳು ಮಾಡಿಕೊಂಡೆ. ಯೀಸ್ಟ್ ನೆನೆಸಿದ ನೀರಿನ ಒಂದು ಹನಿಗೆ ಆ ಬಣ್ಣದ ಒಂದು ಹನಿ ಸೇರಿಸಿ ಐದು ನಿಮಿಷ ಬಿಟ್ಟು ನೋಡಬೇಕು. ಬದುಕಿರುವ ಕೋಶ ಬೆಳ್ಳಗೆ ಕಾಣುತ್ತದೆ. ಅದರ ಪೊರೆ ಬಣ್ಣವನ್ನು ತಡೆಯುತ್ತದೆ, ಸ್ವಲ್ಪ ಒಳಗೆ ಹೋದರೂ ಕೋಶ ಅದನ್ನು ಬಣ್ಣ ಇಲ್ಲದ ಹಾಗೆ ಬದಲಾಯಿಸಿಬಿಡುತ್ತದೆ. ಸತ್ತ ಕೋಶ ಪೂರ್ತಿ ನೀಲಿ.

ಶೋಕೇಸಿನ ಪ್ಯಾಕೆಟ್ಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ನೀಲಿ ಕಂಡಿತು. ಈ ಅಂಗಡಿಯದರಲ್ಲಿ ನೂರು ಎಣಿಸಿದರೆ ನೀಲಿ ಹತ್ತನ್ನೂ ಮುಟ್ಟಲಿಲ್ಲ. ಮೂರು ಬೇರೆ ಬೇರೆ ತಿಂಗಳಲ್ಲಿ ತಂದು ನೋಡಿದ್ದೇನೆ, ಮೂರು ಸಲವೂ ಹೀಗೆಯೇ. ಅಕ್ಕನ ಮಗ ಕೂಡ ಎಣಿಸಿದ. ಸ್ವಲ್ಪ ಸಕ್ಕರೆ ನೀರು ಹಾಕಿ ಒಂದೂವರೆ ಗಂಟೆ ಬಿಟ್ಟು ನೋಡಿದಾಗ ಬೆಳ್ಳಗಿನ ಕೋಶಗಳಿಗೆ ಪಕ್ಕದಲ್ಲಿ ಸಣ್ಣ ಮೊಗ್ಗು ಬಂದಿತ್ತು. "ಚಿಕ್ಕಮ್ಮ, ಇದು ಮರಿ ಹಾಕ್ತಿದೆ" ಅಂತ ಕೂಗಿದ. ಆ ಮೊಗ್ಗಿನ ಕುತ್ತಿಗೆಯಲ್ಲಿ ಸೆಪ್ಟಿನ್ ಅನ್ನುವ ಪ್ರೋಟೀನ್‌ಗಳು ಒಂದರ ಪಕ್ಕ ಒಂದು ಸೇರಿ ಉಂಗುರ ಕಟ್ಟಿರುತ್ತವೆ. ನಮ್ಮ ಮೈಕ್ರೋಸ್ಕೋಪಿಗೆ ಅದು ಕಾಣುವುದಿಲ್ಲ. ತಾಯಿ ಎಲ್ಲಿ ಮುಗಿಯುತ್ತದೆ, ಮರಿ ಎಲ್ಲಿ ಶುರುವಾಗುತ್ತದೆ ಅನ್ನುವ ಗಡಿಯನ್ನು ಕಾಯುವುದು ಆ ಉಂಗುರ.

ಈಗ ಒಣ ಯೀಸ್ಟಿನ ವಿಷಯಕ್ಕೆ ಬರುತ್ತೇನೆ. ನಮ್ಮ ಜಿಲ್ಲೆಯವರಿಗೆ ಕೊಬ್ಬರಿ ಅಂದರೆ ಹೊಸದಾಗಿ ಹೇಳಬೇಕಾಗಿಲ್ಲ. ತಿಪಟೂರಿನ ಅಟ್ಟದ ಮೇಲೆ ತೆಂಗಿನಕಾಯಿಯಲ್ಲಿರುವ ನೀರು ಬತ್ತಿ ಬತ್ತಿ ಕೊಬ್ಬರಿ ಆಗುತ್ತದೆ, ತಿಂಗಳುಗಟ್ಟಲೆ ಕೆಡುವುದಿಲ್ಲ. ಒಣ ಯೀಸ್ಟೂ ಹಾಗೆಯೇ, ಅದರಲ್ಲಿ ನೂರಕ್ಕೆ ಐದರಷ್ಟು ಮಾತ್ರ ನೀರಿರುತ್ತದೆ. ಆದರೆ ಕೊಬ್ಬರಿಗೆ ನೀರು ಹಾಕಿದರೆ ಅದು ಮತ್ತೆ ಕಾಯಿ ಆಗುವುದಿಲ್ಲ. ಯೀಸ್ಟ್ ಆಗುತ್ತದೆ. ಒಂದು ಗ್ರಾಮಿನಲ್ಲಿ ಸಾವಿರ ಕೋಟಿ ಲೆಕ್ಕದಲ್ಲಿ ಕೋಶಗಳಿರುತ್ತವೆ, ಹತ್ತು ನಿಮಿಷದಲ್ಲಿ ಎದ್ದು ಕೆಲಸ ಶುರು ಮಾಡುತ್ತವೆ. ಇದನ್ನು ಎಷ್ಟು ಸಲ ನೋಡಿದರೂ ನನಗೆ ಖುಷಿಯಾಗುತ್ತದೆ.

ಒಣಗುವಾಗ ಕೋಶ ಕುಗ್ಗುತ್ತದೆ, ಆದರೆ ಪೊರೆ ಅಷ್ಟೇ ಇರುತ್ತದೆ. ಹಾಗಾಗಿ ಅದು ಸುಕ್ಕಾಗಿ ಮಡಿಕೆ ಬೀಳುತ್ತದೆ. ಮಡಿಕೆ ಬಿದ್ದ ಜಾಗದಲ್ಲಿ ಪೊರೆಗೆ ಪೊರೆ ಅಂಟಿಕೊಂಡರೆ ಕಥೆ ಮುಗಿಯಿತು. ಹಾಗಾಗದಂತೆ ನೋಡಿಕೊಳ್ಳುವುದಕ್ಕೆ ಯೀಸ್ಟ್ ಮೊದಲೇ ಟ್ರೆಹಲೋಸ್ ಅನ್ನುವ ಸಕ್ಕರೆಯನ್ನು ಕೂಡಿಟ್ಟುಕೊಳ್ಳುತ್ತದೆ, ನೀರು ಹೋದ ಜಾಗದಲ್ಲಿ ಆ ಸಕ್ಕರೆ ಕೂರುತ್ತದೆ. ಜೊತೆಗೆ ಎಚ್‌ಎಸ್‌ಪಿ-12 ಅನ್ನುವ ಪುಟ್ಟ ಪ್ರೋಟೀನ್ ಇದೆ. ನೀರಿನಲ್ಲಿ ತೇಲುವಾಗ ಅದಕ್ಕೆ ಯಾವ ಆಕಾರವೂ ಇಲ್ಲ, ಬಿಡಿ ದಾರದ ಹಾಗೆ. ಪೊರೆಯನ್ನು ಮುಟ್ಟಿದ ತಕ್ಷಣ ಸುರುಳಿ ಸುತ್ತಿಕೊಂಡು ಅದಕ್ಕೆ ಆತುಕೊಳ್ಳುತ್ತದೆ, ಪೊರೆ ಗಟ್ಟಿಯಾಗಿ ನಿಲ್ಲುತ್ತದೆ.

ಪೊರೆ ಅಂದರೆ ಬಹುಪಾಲು ಕೊಬ್ಬು. ಚಳಿಗಾಲದ ಬೆಳಿಗ್ಗೆ ಡಬ್ಬದಲ್ಲಿ ಹೆಪ್ಪುಗಟ್ಟಿದ ತುಪ್ಪ ನೆನಪು ಮಾಡಿಕೊಳ್ಳಿ. ಒಣಗಿದ ಪೊರೆಯೂ ಹಾಗೆ ಹೆಪ್ಪುಗಟ್ಟಿರುತ್ತದೆ. ತಣ್ಣೀರಿಗೆ ಹಾಕಿದರೆ, ಹೆಪ್ಪುಗಟ್ಟಿದ ಪೊರೆಯ ಒಳಗೆ ನೀರು ನುಗ್ಗಿ, ಅದು ಸಡಿಲವಾಗುವ ಹೊತ್ತಿನಲ್ಲೇ ಅಲ್ಲಲ್ಲಿ ಸಂದು ಬಿಟ್ಟು, ಕೋಶದ ಸತ್ವವೆಲ್ಲ ಹೊರಗೆ ಹರಿದುಬಿಡುತ್ತದೆ. ಬೆಚ್ಚಗಿನ ನೀರಾದರೆ ಕೊಬ್ಬು ಮೊದಲೇ ಕರಗಿ ಮೆತ್ತಗಾಗಿರುತ್ತದೆ, ಸೋರುವುದು ಕಡಿಮೆ. ಅದಕ್ಕೇ ಕಾಳು ಕಾಳಾಗಿರುವ ಆಕ್ಟಿವ್ ಡ್ರೈ ಯೀಸ್ಟನ್ನು 40 ಡಿಗ್ರಿ ಆಸುಪಾಸಿನ ನೀರಿನಲ್ಲಿ ನೆನೆಸಬೇಕು. ಬೆರಳು ಅದ್ದಿದರೆ ಮಗುವಿಗೆ ಎರೆಯುವ ನೀರಿನಷ್ಟು ಬೆಚ್ಚಗೆ. ಇನ್‌ಸ್ಟಂಟ್ ಯೀಸ್ಟ್ ಬೇರೆ. ಅದನ್ನು ತೆಳುವಾದ ಕಡ್ಡಿ ಮಾಡಿ ಬೇಗ ಒಣಗಿಸಿರುತ್ತಾರೆ, ನೀರು ಸುಲಭವಾಗಿ ಹಿಡಿಯಲಿ ಅಂತ ಸಾರ್ಬಿಟಾನ್ ಮೊನೊಸ್ಟಿಯರೇಟ್ ಸೇರಿಸಿರುತ್ತಾರೆ. ನೇರವಾಗಿ ಮೈದಾಗೆ ಬೆರೆಸಬಹುದು. ಐಸ್ ನೀರು ನೇರವಾಗಿ ತಾಗಿಸಬೇಡಿ, ಅಷ್ಟೇ.

ಇಲ್ಲಿ ಒಂದು ದೂರು ಹೇಳಲೇಬೇಕು. ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗ ನನ್ನ ಮುಂದೆಯೇ ಇನ್ನೊಬ್ಬರಿಗೆ "ಆಂಟಿ, ಚೆನ್ನಾಗಿ ಕಾದ ನೀರಲ್ಲಿ ಹಾಕಿ, ಬೇಗ ಉಬ್ಬುತ್ತೆ" ಅಂತ ಹೇಳಿದ. ತಪ್ಪು. ಕಾದ ನೀರಿಗೆ ಹಾಕಿದರೆ ಯೀಸ್ಟ್ ಅಲ್ಲೇ ಬೆಂದುಹೋಗುತ್ತದೆ. ನಾನು ಅಲ್ಲೇ ಅವರಿಗೆ ತಿಳಿಸಿದೆ, ಯಜಮಾನರಿಗೂ ಹೇಳಿದೆ. ಆಮೇಲೆ ಫ್ರಿಜ್ ಮೇಲೆ "ಬೆಚ್ಚಗಿನ ನೀರು ಮಾತ್ರ" ಅಂತ ಚೀಟಿ ಅಂಟಿಸಿದ್ದಾರೆ. ಹೇಳಿದ್ದನ್ನು ಕೇಳುವ ಅಂಗಡಿಯವರು ಅಪರೂಪ.

ಲ್ಯಾಬಿನಲ್ಲಿ ನೋಡಿದ್ದನ್ನೂ ಹೇಳಬೇಕು, ಇಲ್ಲದಿದ್ದರೆ ಬದುಕಿರುವ ಯೀಸ್ಟ್ ಅಂದರೆ ಏನು ಅಂತ ಪೂರ್ತಿ ಗೊತ್ತಾಗುವುದಿಲ್ಲ. ಯೀಸ್ಟ್ ಸುಮ್ನೆ ಗ್ಯಾಸ್ ಬಿಡುವ ಚೀಲ ಅಲ್ಲ. ಪ್ರತಿ ನಿಮಿಷವೂ ಅದರ ಪೊರೆಯಲ್ಲಿ ಹತ್ತಾರು ಕಡೆ ಸಣ್ಣ ಗುಳಿ ಬಿದ್ದು, ಒಳಗೆ ಚಾಚಿಕೊಂಡು, ಕತ್ತರಿಸಿ ಪುಟ್ಟ ಚೀಲವಾಗಿ ಒಳಗೆ ಹೋಗುತ್ತಿರುತ್ತದೆ. ಹೊರಗಿನದನ್ನು ಒಳಗೆ ತಗೊಳ್ಳುವ ದಾರಿ ಅದು, ಹಳೆಯ ಪ್ರೋಟೀನ್‌ಗಳನ್ನು ಪೊರೆಯಿಂದ ಇಳಿಸುವ ದಾರಿಯೂ ಅದೇ.

ಕೇಳುವುದಕ್ಕೆ ಸುಲಭ. ಆದರೆ ಯೀಸ್ಟ್ ಕೋಶದ ಒಳಗಿನ ಒತ್ತಡ ಕಾರಿನ ಟೈರಿನ ಒಳಗಿನ ಒತ್ತಡಕ್ಕೆ ಹೋಲಿಸುವಷ್ಟು ಇರುತ್ತದೆ. ಗಾಳಿ ತುಂಬಿದ ಟ್ಯೂಬನ್ನು ಹೊರಗಿನಿಂದ ಬೆರಳಿನಲ್ಲಿ ಒತ್ತಿ ಗುಳಿ ಮಾಡಿ ನೋಡಿ, ಎಷ್ಟು ಕಷ್ಟ ಅಲ್ವಾ? ಯೀಸ್ಟ್ ಅದನ್ನು ಪ್ರೋಟೀನ್‌ಗಳ ಕೈಯಲ್ಲಿ ಮಾಡಿಸುತ್ತದೆ. ಐವತ್ತಕ್ಕೂ ಜಾಸ್ತಿ ಬಗೆಯ ಪ್ರೋಟೀನ್‌ಗಳು ಒಂದೇ ಜಾಗಕ್ಕೆ, ಒಂದಾದ ಮೇಲೆ ಒಂದು ಬರುತ್ತವೆ. ಮೊದಲು ಇಡಿಇ-1 ಮತ್ತು ಅದರ ಜೊತೆಗಾರರು ಬಂದು ಜಾಗ ಗುರುತು ಮಾಡುತ್ತವೆ. ಕ್ಲ್ಯಾತ್ರಿನ್ ಅನ್ನುವ ಪ್ರೋಟೀನ್ ಗುಳಿಯ ಸುತ್ತ ಬುಟ್ಟಿ ಹೆಣೆದ ಹಾಗೆ ಹೆಣೆಯುತ್ತದೆ. ಆಮೇಲೆ ಎಸ್‌ಎಲ್‌ಎ-1, ಪ್ಯಾನ್-1, ಎಲ್‌ಎಎಸ್-17 ಬರುತ್ತವೆ.

ನನಗೆ ಬಹಳ ಇಷ್ಟವಾದದ್ದು ಇಲ್ಲಿಯೇ. ಎಲ್‌ಎಎಸ್-17ರ ಕೆಲಸ ಆಕ್ಟಿನ್ ಅನ್ನುವ ಪ್ರೋಟೀನಿನ ಎಳೆಗಳನ್ನು ಕಟ್ಟಿಸುವುದು, ಆ ಎಳೆಗಳೇ ಪೊರೆಯನ್ನು ಒಳಗೆ ಎಳೆಯುವ ಬಲ. ಆದರೆ ಅದು ಬಂದ ತಕ್ಷಣ ಕೆಲಸ ಶುರು ಮಾಡಿದರೆ ಬುಟ್ಟಿ ಇನ್ನೂ ತಯಾರಾಗಿರುವುದಿಲ್ಲ. ಹಾಗಾಗಿ ಎಸ್‌ಎಲ್‌ಎ-1 ಅದರ ಕೈಯನ್ನು ಹಿಡಿದಿಟ್ಟಿರುತ್ತದೆ. ಸಮಯ ಬಂದಾಗ ಹಿಡಿತ ಸಡಿಲವಾಗುತ್ತದೆ. ಮದುವೆ ಮನೆಯಲ್ಲಿ ಸಾರು ಕುದಿಯುತ್ತಿದ್ದರೂ ಎಲೆ ಹಾಕಿ ಉಪ್ಪು, ಪಲ್ಯ ಬಡಿಸುವ ತನಕ ಸಾರಿನ ಬಕೆಟ್ ಹಿಡಿದವನನ್ನು ಹಿರಿಯರು ತಡೆದು ನಿಲ್ಲಿಸಿರುತ್ತಾರಲ್ಲ, ಹಾಗೆ. ಒಮ್ಮೆ ಬಿಟ್ಟರೆ ಕೆಲವೇ ಸೆಕೆಂಡಿನಲ್ಲಿ ಆಕ್ಟಿನ್ ಕವಲು ಕವಲಾಗಿ ಬೆಳೆದು ಪೊರೆಯನ್ನು ಒಳಕ್ಕೆ ಎಳೆಯುತ್ತದೆ. ಕೊನೆಗೆ ಆರ್‌ವಿಎಸ್-161, ಆರ್‌ವಿಎಸ್-167 ಅನ್ನುವ ಜೋಡಿ ಬರುತ್ತದೆ. ಎರಡೂ ಸೇರಿದರೆ ಬಾಳೆಹಣ್ಣಿನ ಹಾಗೆ ಬಾಗಿದ ಆಕಾರ. ಆ ಬಾಗಿದ ಮೈಯಿಂದ ಪೊರೆಯ ಕೊಳವೆಯನ್ನು ತಬ್ಬಿಕೊಳ್ಳುತ್ತವೆ, ಹತ್ತು ಸೆಕೆಂಡು ಇರುತ್ತವೆ, ಚೀಲ ಕತ್ತರಿಸಿ ಒಳಗೆ ಹೋಗುತ್ತದೆ. ಆಮೇಲೆ ಎಆರ್‌ಕೆ-1, ಪಿಆರ್‌ಕೆ-1 ಅನ್ನುವ ಕಿಣ್ವಗಳು ಪ್ಯಾನ್-1ರಂಥ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಅನ್ನುವ ಸಣ್ಣ ರಾಸಾಯನಿಕ ತುಂಡು ಅಂಟಿಸುತ್ತವೆ, ಹಿಡಿದ ಕೈಗಳು ಬಿಡುತ್ತವೆ, ಎಲ್ಲರೂ ಮುಂದಿನ ಜಾಗಕ್ಕೆ ಹೋಗುತ್ತಾರೆ.

ಇವುಗಳಲ್ಲಿ ಒಂದೊಂದರ ಹಿಡಿತವೂ ಬಿಡಿಯಾಗಿ ಬಹಳ ದುರ್ಬಲ. ಎಸ್‌ಎಲ್‌ಎ-1ರಲ್ಲಿ ಮೂರು ಹಿಡಿ ಇವೆ, ಎಲ್‌ಎಎಸ್-17ರಲ್ಲಿ ಅವಕ್ಕೆ ಸಿಕ್ಕುವ ಜಾಗ ಹಲವು. ಒಂದು ಬಿಟ್ಟರೂ ಇನ್ನೊಂದು ಹಿಡಿದಿರುತ್ತದೆ. ಅದಕ್ಕೇ ಇಷ್ಟು ಬೇಗ ಕಟ್ಟುವುದಕ್ಕೂ ಇಷ್ಟು ಬೇಗ ಬಿಚ್ಚುವುದಕ್ಕೂ ಆಗುತ್ತದೆ. ನಾನು ನೋಡುತ್ತಿದ್ದದ್ದು ಇದನ್ನೇ. ಪ್ರೋಟೀನಿಗೆ ಹಸಿರು ಬೆಳಕು ಕೊಡುವ ಜಿಎಫ್‌ಪಿ ಅಂಟಿಸಿದ್ದರೆ, ಕತ್ತಲೆಯಲ್ಲಿ ಕೋಶದ ಅಂಚಿನ ಸುತ್ತ ಹಸಿರು ಚುಕ್ಕೆಗಳು ಹೊತ್ತಿಕೊಂಡು ಆರುತ್ತಿರುತ್ತವೆ. ಮೊದಲ ದಿನ ನೋಡಿದಾಗ ರಾತ್ರಿ ಹೊಲದ ಬೇಲಿ ಮೇಲಿನ ಮಿಂಚುಹುಳು ನೆನಪಾಯಿತು. ಊಟಕ್ಕೆ ಹೋಗುವುದನ್ನೂ ಮರೆತಿದ್ದೆ.

ಆರ್‌ವಿಎಸ್ ಅನ್ನುವ ಹೆಸರು ಹೇಗೆ ಬಂತು ಗೊತ್ತಾ? ಹಸಿವಿನಲ್ಲಿ ಬದುಕುವ ಶಕ್ತಿ ಕಡಿಮೆಯಾದದ್ದು ಅನ್ನುವ ಅರ್ಥದ ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳು ಅವು. ಈ ಪ್ರೋಟೀನ್ ಮಾಡಿಸುವ ಜೀನ್ ಕೆಟ್ಟಿರುವ ಯೀಸ್ಟ್ ಆಹಾರ ಮುಗಿದರೆ ಬೇಗ ಸಾಯುತ್ತದೆ. ಪೊರೆಯನ್ನು ಬಾಗಿಸುವ ಪ್ರೋಟೀನ್ ಇಲ್ಲದಿದ್ದರೆ ಹಸಿವನ್ನೂ ತಡೆಯಲಾಗದು. ಹಸಿವಾದಾಗ ಯೀಸ್ಟ್ ಇನ್ನೊಂದು ಕೆಲಸವನ್ನೂ ಮಾಡುತ್ತದೆ, ತನ್ನ ಒಳಗಿನದ್ದನ್ನೇ ಪೊರೆಯಲ್ಲಿ ಸುತ್ತಿ ತಿಂದು ಬದುಕುತ್ತದೆ. ಜಪಾನಿನ ಯೋಶಿನೊರಿ ಒಸುಮಿ ಇದನ್ನು ಯೀಸ್ಟಿನಲ್ಲೇ ಹಿಡಿದು, 1992ರಲ್ಲಿ ಪ್ರಕಟಿಸಿ, ಅದರ ಜೀನ್‌ಗಳನ್ನು ಹುಡುಕಿದರು. 2016ರಲ್ಲಿ ನೊಬೆಲ್ ಬಂತು. ಅವರು ಮೊದಲು ಅದನ್ನು ಕಂಡದ್ದು ಸಾಮಾನ್ಯ ಬೆಳಕಿನ ಮೈಕ್ರೋಸ್ಕೋಪಿನಲ್ಲಿ. ಇದನ್ನು ಹೇಳಿದ ಮೇಲೆ ಅಕ್ಕನ ಮಗ ದಿನಾ ಸಂಜೆ ಮೈಕ್ರೋಸ್ಕೋಪ್ ಮುಂದೆ ಕೂರುತ್ತಾನೆ.

ಸ್ವೀಟ್ ಬನ್ ಮಾಡುವವರು ಈ ಭಾಗವನ್ನು ಗಮನ ಇಟ್ಟು ಓದಿ. ಅಂಗಡಿಯಲ್ಲಿ ಎರಡು ಬಗೆಯ ಇನ್‌ಸ್ಟಂಟ್ ಯೀಸ್ಟ್ ಇದೆ. ಒಂದು ಸಾದಾ ಬ್ರೆಡ್ಡಿಗೆ, ಇನ್ನೊಂದು ಸಿಹಿ ಹಿಟ್ಟಿಗೆ. ಬೆಲೆ ಸ್ವಲ್ಪ ಜಾಸ್ತಿ ಅಂತ ಎರಡನೆಯದನ್ನು ಬಿಡಬೇಡಿ. ಹಿಟ್ಟಿನಲ್ಲಿ ಸಕ್ಕರೆ ಜಾಸ್ತಿ ಇದ್ದರೆ, ಉಪ್ಪು ಹಾಕಿದ ಮಾವಿನಕಾಯಿ ನೀರು ಬಿಡುವ ಹಾಗೆ ಯೀಸ್ಟ್ ಕೋಶವೂ ನೀರು ಬಿಟ್ಟು ಕುಗ್ಗುತ್ತದೆ. ಆಗ ಒಳಗಿರುವ ವ್ಯಾಕ್ಯೂಲ್ ಅನ್ನುವ ದೊಡ್ಡ ತೊಟ್ಟಿ ತನ್ನ ನೀರನ್ನು ಬಿಟ್ಟುಕೊಟ್ಟು, ಕೆಲವೇ ನಿಮಿಷದಲ್ಲಿ ಒಡೆದು ನಾಲ್ಕಾರು ಸಣ್ಣ ತೊಟ್ಟಿ ಆಗುತ್ತದೆ. ಇದು ಹಾಳಾಗುವುದಲ್ಲ, ಕೋಶ ಬೇಕೆಂದೇ ಮಾಡುವುದು. ಎಫ್‌ಎಬಿ-1 ಅನ್ನುವ ಕಿಣ್ವ ತೊಟ್ಟಿಯ ಪೊರೆಯ ಕೊಬ್ಬಿಗೆ ಒಂದು ಫಾಸ್ಫೇಟ್ ಸೇರಿಸಿ ಒಡೆಯುವುದಕ್ಕೆ ಗುರುತು ಹಾಕುತ್ತದೆ. ಆ ಗುರುತನ್ನು ಅಳಿಸುವ ಎಫ್‌ಐಜಿ-4 ಕೂಡ ಅದರ ಪಕ್ಕದಲ್ಲೇ ಇರುತ್ತದೆ, ವಿಎಸಿ-14 ಅನ್ನುವ ಒಂದೇ ಪ್ರೋಟೀನ್ ಇಬ್ಬರನ್ನೂ ಒಟ್ಟಿಗೆ ಹಿಡಿದುಕೊಂಡಿರುತ್ತದೆ. ಬರೆಯುವವನನ್ನೂ ಅಳಿಸುವವನನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದ ಹಾಗೆ. ಅದಕ್ಕೇ ಯೀಸ್ಟ್ ಅಷ್ಟು ಬೇಗ ಬದಲಾಗಿ ಅಷ್ಟೇ ಬೇಗ ಹಿಂದಕ್ಕೆ ಬರುತ್ತದೆ.

ಕುಗ್ಗಿದ ಕೋಶ ಎಚ್‌ಒಜಿ-1 ಅನ್ನುವ ಸಂದೇಶದ ದಾರಿಯಿಂದ ಗ್ಲಿಸರಾಲ್ ಅನ್ನುವ ನೀರು ಎಳೆಯುವ ವಸ್ತು ತಯಾರಿಸಿ, ಹೊರಗೆ ಹೋಗುವ ಬಾಗಿಲನ್ನು ಮುಚ್ಚಿ ಒಳಗೇ ಇಟ್ಟುಕೊಳ್ಳುತ್ತದೆ. ನೀರು ವಾಪಸ್ ಬರುತ್ತದೆ. ಸಣ್ಣ ತೊಟ್ಟಿಗಳು ಮತ್ತೆ ಸೇರಿ ಒಂದಾಗುತ್ತವೆ. ಸೇರಿಸುವುದು ಸ್ನೇರ್ ಅನ್ನುವ ಪ್ರೋಟೀನ್‌ಗಳು, ಎರಡೂ ಕಡೆಯ ಪೊರೆಯಿಂದ ಬಂದು ಹಗ್ಗ ಹೊಸೆದ ಹಾಗೆ ಹೊಸೆದುಕೊಂಡು ಪೊರೆಗಳನ್ನು ಹತ್ತಿರ ಎಳೆಯುತ್ತವೆ. ಪೊರೆಯ ಚೀಲಗಳು ಕೋಶದಲ್ಲಿ ಹೇಗೆ ಓಡಾಡುತ್ತವೆ ಅನ್ನುವುದನ್ನು ಹುಡುಕಿದ್ದಕ್ಕೆ 2013ರ ನೊಬೆಲ್ ರಾಂಡಿ ಶೆಕ್‌ಮನ್, ಜೇಮ್ಸ್ ರಾತ್‌ಮನ್, ಥಾಮಸ್ ಸುಡಾಫ್ ಮೂವರಿಗೂ ಬಂತು. ಶೆಕ್‌ಮನ್ ಕೆಲಸ ಮಾಡಿದ್ದು ಈ ಬ್ರೆಡ್ಡಿನ ಯೀಸ್ಟಿನಲ್ಲಿಯೇ.

ಈ ಎಲ್ಲ ಹೊಂದಾಣಿಕೆಗೆ ಸಮಯ ಬೇಕು. ಸಿಹಿ ಹಿಟ್ಟು ನಿಧಾನವಾಗಿ ಉಬ್ಬುವುದಕ್ಕೆ ಇದೂ ಒಂದು ಕಾರಣ. ಸಿಹಿ ಹಿಟ್ಟಿನ ಯೀಸ್ಟ್ ಇದನ್ನು ಚೆನ್ನಾಗಿ ತಡೆದುಕೊಳ್ಳುವ ತಳಿ. ಅದನ್ನು ಹಾಕಲು ಶುರು ಮಾಡಿದ ಮೇಲೆ ನನ್ನ ಸ್ವೀಟ್ ಬನ್ನು ಮುಕ್ಕಾಲು ಗಂಟೆ ಮೊದಲೇ ಒಲೆಗೆ ಹೋಗುತ್ತಿದೆ. ಖಾರಾ ಬನ್ನಿಗೆ ಸಾದಾದೇ ಸಾಕು.

ಪೊರೆಯ ವಿಷಯದಲ್ಲಿ ಇನ್ನೊಂದು ಮಾತು. ಚಿಕ್ಕ ಹುಡುಗಿಯರ ಲಂಗಕ್ಕೆ ಟೈಲರು ಕೆಳಗೆ ಎರಡು ಟಕ್ ಹಾಕಿ ಹೊಲಿಯುತ್ತಿದ್ದರು, ಹುಡುಗಿ ಎತ್ತರ ಆದ ಹಾಗೆ ಬಿಚ್ಚಿಕೊಂಡರೆ ಆಯಿತು. ಯೀಸ್ಟಿನ ಪೊರೆಯಲ್ಲೂ ಅಂಥ ಟಕ್ ಇವೆ, ಐಸೋಸೋಮ್ ಅನ್ನುತ್ತಾರೆ. ಸುಮಾರು 50 ನ್ಯಾನೋಮೀಟರ್ ಆಳದ ಸಣ್ಣ ಸಣ್ಣ ಸಾಲುಗಳು. ಪಿಐಎಲ್-1, ಎಲ್‌ಎಸ್‌ಪಿ-1 ಅನ್ನುವ ಬಾಗಿದ ಪ್ರೋಟೀನ್‌ಗಳು ಒಂದಕ್ಕೊಂದು ಸೇರಿ ಆ ಮಡಿಕೆಯನ್ನು ಹಿಡಿದಿರುತ್ತವೆ. ಕೋಶ ಉಬ್ಬಿ ಪೊರೆ ಬಿಗಿಯಾದಾಗ ಮಡಿಕೆ ಬಿಚ್ಚಿಕೊಳ್ಳುತ್ತದೆ, ಪೊರೆ ಹರಿಯುವುದಿಲ್ಲ. ಇದನ್ನು ಅಂಗಡಿಯ ಯಜಮಾನರಿಗೆ ಹೇಳಿದಾಗ ಅವರ ಸೊಸೆ ಒಳಗಿನಿಂದ ಬಂದು ಕೇಳಿಸಿಕೊಂಡರು. "ಅಯ್ಯೋ, ಇಷ್ಟೆಲ್ಲ ಇದೆಯಾ ಇದ್ರಲ್ಲಿ" ಅಂದರು. ಈಗ ಹಸಿ ಯೀಸ್ಟಿನ ಡಬ್ಬ ಬಂದರೆ ಅವರೇ ನಿಂತು ಫ್ರಿಜ್‌ಗೆ ಇಡಿಸುತ್ತಾರೆ.

ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಹಾಗೆ ಮೆತ್ತಗೆ ಬರಲಿ ಅಂತ ಇಡ್ಲಿ ಹಿಟ್ಟಿಗೆ ಯೀಸ್ಟ್ ಹಾಕಬಹುದಾ ಅಂತ ಅಂಗಡಿಯಲ್ಲಿ ತುಂಬಾ ಜನ ಕೇಳುತ್ತಾರೆ. ಬೇಡ. ಇಡ್ಲಿ ಹಿಟ್ಟನ್ನು ಉಬ್ಬಿಸುವುದು ಮುಖ್ಯವಾಗಿ ಲ್ಯೂಕೊನಾಸ್ಟಾಕ್ ಅನ್ನುವ ಬ್ಯಾಕ್ಟೀರಿಯಾ, ಅದು ಉದ್ದಿನಬೇಳೆಯಿಂದಲೇ ಬರುತ್ತದೆ. ಯೀಸ್ಟ್ ಹಾಕಿದರೆ ಬ್ರೆಡ್ಡಿನ ವಾಸನೆ ಬರುತ್ತದೆ.

ಇನ್ನು ಅಂಗಡಿಯ ಕೊರತೆಗಳು. ಅರ್ಧ ಕೆಜಿ ಪ್ಯಾಕೆಟ್ ಒಡೆದು 50 ಗ್ರಾಂ ಕವರಿಗೆ ತುಂಬಿ ಮಾರುತ್ತಾರೆ, ಅದರ ಮೇಲೆ ತಾರೀಕು ಇರುವುದಿಲ್ಲ. ಮನೆಗೆ ಸ್ವಲ್ಪ ಬೇಕಾದವರಿಗೆ ಅದು ಅನುಕೂಲ, ನಿಜ. ಆದರೆ ಪ್ಯಾಕೆಟ್ ಒಡೆದ ದಿನದಿಂದ ಗಾಳಿ, ತೇವ ಒಳಗೆ ಹೋಗುತ್ತದೆ. ಒಡೆದ ತಾರೀಕನ್ನು ಕವರಿನ ಮೇಲೂ ಬರೆಯಿರಿ ಅಂತ ಎರಡು ಸಲ ಕೇಳಿದ್ದೇನೆ, ಇನ್ನೂ ಆಗಿಲ್ಲ. ಅದಕ್ಕೆ ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದೇನೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬಾಗಿಲು ಹಾಕುತ್ತಾರೆ. ಗಾಡಿ ನಿಲ್ಲಿಸೋಕೆ ಜಾಗ ಇಲ್ಲ, ಲಾರಿ ಬಂದರೆ ರಸ್ತೆ ಕಟ್ಟಿಕೊಳ್ಳುತ್ತದೆ.

ಕೊಳ್ಳುವಾಗ ಅರ್ಧ ಕೆಜಿ ಪ್ಯಾಕೆಟ್ಟನ್ನು ಕೈಯಲ್ಲಿ ಒತ್ತಿ ನೋಡಿ. ಇಟ್ಟಿಗೆಯ ಹಾಗೆ ಗಟ್ಟಿ ಇರಬೇಕು. ಮೆತ್ತಗಿದ್ದರೆ ಗಾಳಿ ಹೊಕ್ಕಿದೆ, ವಾಪಸ್ ಕೊಡಿ, ಇವರು ತಕರಾರು ಮಾಡದೆ ಬದಲಾಯಿಸುತ್ತಾರೆ. ಮನೆಗೆ ತಂದು ಒಡೆದ ಮೇಲೆ ಗಾಳಿಯಾಡದ ಡಬ್ಬಕ್ಕೆ ತುಂಬಿ ಫ್ರಿಜ್‌ನಲ್ಲಿಡಿ. ಬೇಸಿಗೆಯಲ್ಲಿ ಬಸ್ಸಿನಲ್ಲಿ ದೂರ ಹೋಗುವವರಾದರೆ ಕೇಳಿ, ಪೇಪರಿನಲ್ಲಿ ಸುತ್ತಿ ಐಸ್ ಪ್ಯಾಕ್ ಜೊತೆ ಕೊಡುತ್ತಾರೆ, ಅದಕ್ಕೆ ದುಡ್ಡು ತಗೊಳ್ಳುವುದಿಲ್ಲ. ಕುಣಿಗಲ್‌ನಿಂದ ಬಂದಿದ್ದ ಒಬ್ಬ ಹುಡುಗನಿಗೆ ಹಾಗೆ ಕಟ್ಟಿಕೊಟ್ಟದ್ದನ್ನು ನಾನೇ ನೋಡಿದ್ದೇನೆ.

ಏಪ್ರಿಲ್‌ನಲ್ಲಿ ಬನ್ನು ಕೊಡಲಾಗದೇ ಹೋದ ಆ ಮಗುವಿನ ಅಮ್ಮ ಹೋದ ತಿಂಗಳು ಮತ್ತೆ ಫೋನ್ ಮಾಡಿದರು, ಆ ಮಗುವಿನ ತಮ್ಮನ ನಾಮಕರಣಕ್ಕೆ 80 ಬನ್ನು ಬೇಕು ಅಂತ. ಬೆಳಿಗ್ಗೆ ಹತ್ತಕ್ಕೆ ಈ ಅಂಗಡಿಯಿಂದ ಸಿಹಿ ಹಿಟ್ಟಿನ ಯೀಸ್ಟ್ ತಂದೆ, ಒಂದು ಹನಿ ಮೈಕ್ರೋಸ್ಕೋಪಿನಲ್ಲಿ ನೋಡಿದೆ, ನೀಲಿ ಬೆರಳೆಣಿಕೆಯಷ್ಟು. ಸಂಜೆ ಐದಕ್ಕೆ ಎಂಬತ್ತೂ ಬನ್ನು ಅವರ ಮನೆ ಸೇರಿದವು.